ಕನಸಿನೊಳಗೆ ಎಚ್ಚರವಾಗುವುದು: ಮೊದಲ ಸಲಕ್ಕೆ ಯಾವ ದಾರಿ ಹಿಡಿಯಬೇಕು?

ಮೂರು ವಾರ ಏನೂ ಆಗಿರಲಿಲ್ಲ. ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ದಿನಾ ಮಲಗುವ ಮುಂಚೆ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ‘ಇವತ್ತು ಕನಸು ಬಿದ್ದಾಗ ಇದು ಕನಸು ಅಂತ ಗೊತ್ತಾಗಬೇಕು’ ಎಂದು ಹೇಳಿಕೊಳ್ಳುತ್ತಿದ್ದೆ. ಬೆಳಗ್ಗೆ ಎದ್ದರೆ ಕನಸು ಬಿದ್ದಿತ್ತಾ ಅನ್ನುವುದೇ ನೆನಪಿಲ್ಲ. ಆಮೇಲೆ ನಾಗಮಂಗಲ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಚಿಕ್ಕಪ್ಪನ ಹತ್ತಿರ ಈ ಮಾತು ತೆಗೆದೆ. ಅವರ ಹಿಪ್ಪುನೇರಳೆ ತೋಟಕ್ಕೆ ಬೋರ್‌ವೆಲ್ ನೀರು. ತ್ರೀ ಫೇಸ್ ಕರೆಂಟು ರಾತ್ರಿ ಬರುವ ವಾರಗಳಲ್ಲಿ ಅವರು ಒಂಬತ್ತಕ್ಕೇ ಮಲಗಿ, ಎರಡೂವರೆಗೆ ಎದ್ದು, ಟಾರ್ಚ್ ಹಿಡಿದು ಹೋಗಿ ನೀರು ಕಟ್ಟಿ, ಮೂರೂಕಾಲರ ಹೊತ್ತಿಗೆ ಬಂದು ಮತ್ತೆ ಮಲಗುತ್ತಾರೆ.

"ಮೊದ್ಲು ಮನಿಕೊಂಡಾಗ ಬೀಳೋ ಕನ್ಸು ಯಾವ್ದೂ ನೆಪ್ಪಿರಕಿಲ್ಲ ಕಣವ್ವ. ನೀರು ಕಟ್ಟಿ ಬಂದು ಮನಿಕೊಂಡಾಗ ಬೀಳ್ತದಲ್ಲ, ಅದು ಕಣ್ಗೆ ಕಟ್ದಂಗಿರ್ತದೆ. ಮೊನ್ನೆ ಸತ್ತೋದ ನಮ್ಮ ಎತ್ತು ಕೊಟ್ಟಿಗೇಲಿ ನಿಂತಿತ್ತು. ಇದು ಕನ್ಸು ಅಂತ ಅಲ್ಲೇ ಗೊತ್ತಾಗೋಯ್ತು. ಎಚ್ರ ಆಗ್ಬುಡ್ತದೆ ಅಂತ ಅದರ ಮೈ ಸವರ್ಕೊಂಡು ಸುಮ್ನೆ ನಿಂತ್ಕೊಂಡೆ" ಅಂದರು.

ನಾನು ಓದಿಕೊಂಡಿದ್ದ ಅರ್ಧ ಪಾಠ ಈ ನಾಲ್ಕು ಮಾತಲ್ಲಿತ್ತು. ವಿಧಾನಗಳ ಹೆಸರು ಬೇಕಾದಷ್ಟಿವೆ. ಆದರೆ ಯಾವ ವಿಧಾನ ಅನ್ನುವುದಕ್ಕಿಂತ ಯಾವ ಹೊತ್ತು ಅನ್ನುವುದು ಮುಖ್ಯ. ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದ ಜೊತೆ, ನಿದ್ದೆ ಕೆಡದ ಹಾಗೆ ಆ ಹೊತ್ತನ್ನು ಯಾವ ವಿಧಾನ ಹಿಡಿದುಕೊಡುತ್ತದೋ ಅದೇ ನಿಮ್ಮ ವಿಧಾನ. ಹಾಗಾಗಿ ಪ್ರತಿಯೊಂದನ್ನೂ ಆ ಕಣ್ಣಿನಿಂದಲೇ ಹೋಲಿಸುತ್ತಿದ್ದೇನೆ.

ಮೊದಲು, ಇದು ನಿಜವಾ?

ನಿಜ. ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಅನ್ನುತ್ತಾರೆ. ಡಚ್ ವೈದ್ಯ ಮತ್ತು ಬರಹಗಾರ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಬರೆದ ಒಂದು ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಆದರೆ ಕನಸಿನೊಳಗೆ ಎಚ್ಚರವಿದ್ದೆ ಅಂತ ಯಾರಾದರೂ ಹೇಳಿದರೆ ನಂಬುವುದು ಹೇಗೆ? ಜಾಸ್ತಿ ಕನಸು ಬೀಳುವ ರೆಮ್ ನಿದ್ದೆಯಲ್ಲಿ ಕೈಕಾಲು ಅಲ್ಲಾಡುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಅಲ್ಲಾಡುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಬಳಸಿಕೊಂಡರು. ಕನಸಲ್ಲಿ ಎಚ್ಚರವಾದಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಬೇಕು ಅಂತ ಮೊದಲೇ ಮಾತಾಗಿತ್ತು, ಮಲಗಿದ್ದ ವ್ಯಕ್ತಿ ಹಾಗೇ ಆಡಿಸಿದ, ಯಂತ್ರದಲ್ಲಿ ಗೆರೆ ಮೂಡಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಇದನ್ನೇ ಸ್ವತಂತ್ರವಾಗಿ ಮಾಡಿ ತೋರಿಸಿದರು. 2021ರಲ್ಲಿ ಇನ್ನೂ ಮುಂದೆ ಹೋಗಿ, ಕನಸು ಕಾಣುತ್ತಿದ್ದವರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ಹೊರಗಿನಿಂದ ಕೇಳಿದರೆ, ಒಬ್ಬರು ನಿದ್ದೆಯಲ್ಲೇ ಕಣ್ಣನ್ನು ಎರಡು ಸಲ ಆಡಿಸಿ ಉತ್ತರ ಕೊಟ್ಟರು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನು ಹೊತ್ತಿನ ವಿಷಯ. ನಮ್ಮ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಜಾಸ್ತಿ, ರೆಮ್ ಕೆಲವೇ ನಿಮಿಷ. ಬೆಳಗಿನ ಜಾವ ಹತ್ತಿರ ಬಂದ ಹಾಗೆ ರೆಮ್ ಉದ್ದವಾಗುತ್ತಾ ಅರ್ಧ ಗಂಟೆ, ಅದಕ್ಕಿಂತ ಜಾಸ್ತಿಯೂ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ನಾನು ಮಾಡುತ್ತಿದ್ದ ಸಂಕಲ್ಪಕ್ಕೂ ಬೆಳಗಿನ ಐದು ಗಂಟೆಯ ಕನಸಿಗೂ ನಡುವೆ ಆರು ಗಂಟೆ ನಿದ್ದೆಯೇ ಬಿದ್ದಿದೆ. ಚಿಕ್ಕಪ್ಪನ ಸಂಕಲ್ಪ ಏನೂ ಇರಲಿಲ್ಲ, ಹೊತ್ತು ಮಾತ್ರ ಸರಿ ಇತ್ತು.

ನೋಟ್‌ಬುಕ್ಕಾ, ಫೋನಾ

ಯಾವ ವಿಧಾನ ಹಿಡಿದರೂ ಕನಸು ಬರೆದಿಡುವುದನ್ನು ಬಿಡುವ ಹಾಗಿಲ್ಲ. ಇದು ಆಯ್ಕೆಯಲ್ಲ, ಅಡಿಪಾಯ. ನೆನಪೇ ಇಲ್ಲದ ಕನಸಲ್ಲಿ ಎಚ್ಚರವಾದರೂ ಏನು ಬಂತು ಹೇಳಿ?

ಮೂರು ತರ ಪ್ರಯತ್ನಿಸಿದೆ. ಫೋನಿನಲ್ಲಿ ಟೈಪ್ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸ್ಕ್ರೀನ್ ಬೆಳಕು ಕಣ್ಣಿಗೆ ಬಿದ್ದ ತಕ್ಷಣ ಅರ್ಧ ಕನಸು ಕರಗುತ್ತದೆ, ಆಮೇಲೆ ಒಂದು ವಾಟ್ಸಾಪ್ ಮೆಸೇಜು ಕಂಡರೆ ಉಳಿದರ್ಧವೂ ಹೋಯಿತು. ಫೋನಿಗೆ ಮಾತಾಡಿ ರೆಕಾರ್ಡ್ ಮಾಡುವುದು ಒಬ್ಬರೇ ಇರುವವರಿಗೆ ಚೆನ್ನ. ನನ್ನ ಕೋಣೆಯಲ್ಲಿ ಇನ್ನೊಬ್ಬಳು ಮಲಗುತ್ತಾಳೆ, ಹಾಗಾಗಿ ಆಗಲಿಲ್ಲ. ಕೊನೆಗೆ ನಿಂತದ್ದು ಉದ್ದ ಗೆರೆಯ ಸಾಮಾನ್ಯ ನೋಟ್‌ಬುಕ್ಕು ಮತ್ತು ಪೆನ್ಸಿಲ್ಲು. ಪೆನ್ ಬೇಡ. ಕತ್ತಲಲ್ಲಿ ಇಂಕು ನಿಂತಿದ್ದರೆ ಗೊತ್ತಾಗುವುದಿಲ್ಲ, ಒಂದು ಬೆಳಗ್ಗೆ ನೋಡಿದರೆ ಇಡೀ ಪುಟದಲ್ಲಿ ಬರಿಯ ಒತ್ತು ಮಾತ್ರ ಇತ್ತು.

ಇಲ್ಲಿ ಕೆಲಸಕ್ಕೆ ಬರುವ ಒಂದು ವಿಷಯವಿದೆ. ಎಚ್ಚರವಾದಾಗ ಅಲ್ಲಾಡಬೇಡಿ. ಯಾವ ಮಗ್ಗುಲಲ್ಲಿದ್ದೀರೋ ಅದೇ ಮಗ್ಗುಲಲ್ಲಿ ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯ ಹಿಡಿದು ಹಿಂದಕ್ಕೆ ಹೋಗಿ. ‘ಯಾಕೆ ಓಡುತ್ತಿದ್ದೆ? ಬಸ್ ಹೊರಟಿತ್ತು. ಯಾವ ಬಸ್? ಊರಿನ ಬಸ್ಸು.’ ಹೀಗೆ ದಾರ ಎಳೆದ ಹಾಗೆ ಎಳೆದರೆ ಹಿಂದಿನದು ತಾನಾಗಿಯೇ ಬರುತ್ತದೆ. ಏನೂ ಸಿಗದಿದ್ದರೆ ‘ಭಯ’, ‘ನೀಲಿ ಗೋಡೆ’, ‘ಅಮ್ಮ ಬೈದಳು’ ಅಂತ ಎರಡು ಪದವಾದರೂ ಬರೆಯಿರಿ. ಮೊದಲ ವಾರ ನನಗೆ ಸಿಕ್ಕಿದ್ದು ಒಂದೇ ಕನಸು, ಮೂರನೇ ವಾರದಲ್ಲಿ ದಿನಕ್ಕೆ ಒಂದೂವರೆ ಪುಟ.

ಎರಡು ವಾರದ ಪುಟಗಳನ್ನು ಒಟ್ಟಿಗೆ ಓದಿ. ಒಂದೇ ವಿಷಯ ಮತ್ತೆ ಮತ್ತೆ ಬಂದಿರುತ್ತದೆ. ನನ್ನದರಲ್ಲಿ ಸಬರ್ಬ್ ಬಸ್ ಸ್ಟ್ಯಾಂಡ್ ಐದು ಸಲ, ಐದೂ ಸಲ ಬಸ್ ತಪ್ಪಿಸಿಕೊಂಡಿದ್ದೆ. ಇದೇ ನಿಮ್ಮ ಕನಸಿನ ಗುರುತು. ಮುಂದೆ ಬಹಳ ಬೇಕಾಗುತ್ತದೆ.

ಹಗಲಲ್ಲಿ ಪರೀಕ್ಷೆ: ಬೆರಳು, ಮೂಗು, ಗಡಿಯಾರ

ಹಗಲಲ್ಲಿ ಆಗಾಗ ‘ಇದು ಕನಸಾ?’ ಅಂತ ನಿಜವಾಗಿ ಕೇಳಿಕೊಂಡು ಪರೀಕ್ಷೆ ಮಾಡಿದರೆ, ಅದೇ ಅಭ್ಯಾಸ ಕನಸಲ್ಲೂ ಬರುತ್ತದೆ ಅನ್ನುವುದು ಲೆಕ್ಕ. ಜರ್ಮನಿಯ ಪೌಲ್ ಥೋಲಿ ಈ ದಾರಿಯನ್ನು ಬೆಳೆಸಿದವರು. ಅಲಾರಂ ಬೇಡ, ನಿದ್ದೆಗೆ ತೊಂದರೆಯಿಲ್ಲ, ಅದಕ್ಕೇ ಹೊಸಬರೆಲ್ಲ ಮೊದಲು ಇದನ್ನೇ ಹಿಡಿಯುತ್ತಾರೆ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು 169 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಬರೀ ಹಗಲಿನ ಪರೀಕ್ಷೆ ಮಾಡಿದವರಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಇದ್ದುದರಲ್ಲಿ ಯಾವುದು ಒಳ್ಳೆಯದು? ಬೆರಳು ಎಣಿಸುವುದು ಬೇಗ ಯಾಂತ್ರಿಕವಾಗುತ್ತದೆ. ಒಂದು ಕನಸಲ್ಲಿ ಆರು ಬೆರಳು ಎಣಿಸಿ ‘ಸರಿ ಇದೆ’ ಅಂತ ಮುಂದೆ ಹೋಗಿದ್ದೆ. ಮೂಗು ಹಿಡಿದು ಉಸಿರೆಳೆಯುವುದು ಅದಕ್ಕಿಂತ ಗಟ್ಟಿ, ಕನಸಲ್ಲಿ ಮೂಗು ಮುಚ್ಚಿದರೂ ಉಸಿರು ಸಲೀಸಾಗಿ ಬರುತ್ತದೆ, ಆ ವಿಚಿತ್ರ ಮೈಗೇ ತಟ್ಟುತ್ತದೆ. ಬರಹವನ್ನು ಎರಡು ಸಲ ಓದುವುದು ನನಗೆ ಎಲ್ಲಕ್ಕಿಂತ ಹಿಡಿಸಿತು, ಯಾಕೆಂದರೆ ಕನಸಲ್ಲಿ ಅಕ್ಷರ, ಅಂಕಿ ನಿಲ್ಲುವುದಿಲ್ಲ. ನಾನು ದೊಡ್ಡ ಗಡಿಯಾರದ ಮುಂದೆ ಹೋದಾಗೆಲ್ಲ ಅದರ ಕನ್ನಡ ಅಂಕಿಗಳನ್ನು ಒಂದು ಸಲ ಓದಿ, ಕಣ್ಣು ಬೇರೆ ಕಡೆ ತಿರುಗಿಸಿ, ಮತ್ತೆ ಓದುತ್ತೇನೆ. ನಿಮ್ಮ ದಾರಿಯಲ್ಲಿ ದಿನಾ ಸಿಗುವ ಒಂದು ಬೋರ್ಡು ಆರಿಸಿಕೊಳ್ಳಿ. ಎಷ್ಟು ಸಲ ಮಾಡಿದಿರಿ ಅನ್ನುವುದಕ್ಕಿಂತ, ಮಾಡುವಾಗ ನಿಜವಾಗಿ ಅನುಮಾನ ಪಟ್ಟಿರಾ ಅನ್ನುವುದು ಮುಖ್ಯ.

ನಡುರಾತ್ರಿ ಎದ್ದು ಮಾಡುವ ಮೂರು ವಿಧಾನ

ಇಲ್ಲೇ ನಿಜವಾದ ಆಯ್ಕೆ ಇರುವುದು. ಮೂರಕ್ಕೂ ಮೊದಲ ಹೆಜ್ಜೆ ಒಂದೇ: ಐದು ಗಂಟೆ, ಐದೂವರೆ ಗಂಟೆ ನಿದ್ದೆ ಮಾಡಿ ಏಳುವುದು, ಸ್ವಲ್ಪ ಹೊತ್ತು ಎಚ್ಚರವಿದ್ದು ಮತ್ತೆ ಮಲಗುವುದು. ಇಂಗ್ಲಿಷಿನಲ್ಲಿ ಡಬ್ಲ್ಯೂಬಿಟಿಬಿ (ವೇಕ್ ಬ್ಯಾಕ್ ಟು ಬೆಡ್) ಅನ್ನುತ್ತಾರೆ, ನಮ್ಮ ಚಿಕ್ಕಪ್ಪ ನೀರು ಕಟ್ಟುವುದು ಅನ್ನುತ್ತಾರೆ.

ಮೊದಲನೆಯದು ಮೈಲ್ಡ್, ಲಬರ್ಜ್ ರೂಪಿಸಿದ್ದು. ಇದರ ಜೀವಾಳ ನಮಗೆಲ್ಲ ಗೊತ್ತಿರುವ ಒಂದು ನೆನಪಿನ ಶಕ್ತಿ. ಬೆಳಗ್ಗೆ ಮನೆಯಿಂದ ಹೊರಡುವಾಗ ‘ಸಂಜೆ ಹಾಲಿನ ಬೂತ್ ಕಂಡಾಗ ಮೊಸರು ತಗೋಬೇಕು’ ಅಂದುಕೊಳ್ಳುತ್ತೀರಿ. ದಿನವಿಡೀ ಮರೆತಿರುತ್ತೀರಿ. ಬೂತ್ ಕಂಡ ತಕ್ಷಣ ಮೊಸರು ನೆನಪಾಗುತ್ತದೆ, ಅಲ್ವಾ? ಇಲ್ಲಿ ಬೂತ್ ಜಾಗದಲ್ಲಿ ನಿಮ್ಮ ಕನಸಿನ ಗುರುತು, ಮೊಸರಿನ ಜಾಗದಲ್ಲಿ ‘ಇದು ಕನಸು’ ಅನ್ನುವ ಅರಿವು. ಎದ್ದಾಗ ಈಗಷ್ಟೇ ಬಿದ್ದ ಕನಸು ನೆನಪು ಮಾಡಿಕೊಳ್ಳಿ. ‘ಮುಂದಿನ ಸಲ ಕನಸು ಬಿದ್ದಾಗ, ಅದು ಕನಸು ಅಂತ ನೆನಪಿಗೆ ಬರಬೇಕು’ ಎಂದು ಅರ್ಥಮಾಡಿಕೊಂಡು ಹೇಳಿಕೊಳ್ಳಿ. ಆಮೇಲೆ ಅದೇ ಕನಸಿಗೆ ಮನಸ್ಸಲ್ಲೇ ವಾಪಸ್ ಹೋಗಿ, ಗುರುತು ಕಂಡ ಜಾಗದಲ್ಲಿ ಎಚ್ಚರವಾದ ಹಾಗೆ ನೋಡಿಕೊಳ್ಳಿ. ನಾನು ಬಸ್ ಹೊರಟುಹೋಗುವುದನ್ನು ನೋಡಿ, ಓಡುವ ಬದಲು ನಿಂತು, ಬೋರ್ಡು ಓದುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ನಿದ್ದೆ ಬರುವ ತನಕ ಇಷ್ಟೇ.

ಆರನೇ ವಾರ, ಒಂದು ಭಾನುವಾರದ ಬೆಳಗಿನ ಜಾವ ಆಯಿತು. ಬಸ್ ಸ್ಟ್ಯಾಂಡಿನಲ್ಲಿದ್ದೆ. ಬೋರ್ಡಿನಲ್ಲಿ ‘ನಾಗಮಂಗಲ’ ಅಂತಿತ್ತು. ಕಣ್ಣು ತಿರುಗಿಸಿ ಮತ್ತೆ ನೋಡಿದರೆ ‘ನಾಮಗಂಗಲ’. ಮೈ ಜುಮ್ ಎಂದಿತು. ಸುತ್ತಲಿನ ಗದ್ದಲವೆಲ್ಲ ಹಾಗೇ ಇತ್ತು, ಕಡಲೆಕಾಯಿ ಮಾರುವವನ ಬುಟ್ಟಿಯ ಹೊಗೆ ಕೂಡ ಕಾಣುತ್ತಿತ್ತು, ಆದರೆ ಅದೆಲ್ಲ ನನ್ನೊಳಗೇ ನಡೆಯುತ್ತಿದೆ ಅಂತ ಗೊತ್ತಿತ್ತು. ಆ ಖುಷಿಗೇ ಎಚ್ಚರವಾಗಿಬಿಟ್ಟಿತು. ಹತ್ತು ಸೆಕೆಂಡೂ ಇರಲಿಲ್ಲ. ಎಷ್ಟೋ ಜನರಿಗೆ ಮೊದಲ ಸಲ ಹೀಗೇ ಆಗುತ್ತದಂತೆ. ಎರಡನೇ ಸಲ ಚಿಕ್ಕಪ್ಪನ ಮಾತು ನೆನಪಾಗಿ ಬಸ್ಸಿನ ಕಂಬಿ ಹಿಡಿದುಕೊಂಡೆ. ತಣ್ಣಗಿತ್ತು. ಅದರ ಬಣ್ಣ ಕಿತ್ತ ಜಾಗವನ್ನು ಬೆರಳಲ್ಲಿ ಸವರುತ್ತಾ ನಿಂತೆ, ಕನಸು ನಿಂತಿತು. ಅಂಗೈ ಉಜ್ಜಿಕೊಳ್ಳಿ, ಏನನ್ನಾದರೂ ಮುಟ್ಟಿ ಅಂತ ಅನುಭವಸ್ಥರು ಹೇಳುವುದೂ ಇದನ್ನೇ, ಎತ್ತಿನ ಮೈ ಸವರಿದರೂ ಅದೇ ಕೆಲಸ.

ಅಡಿಲೇಡಿನ ಅದೇ ಅಧ್ಯಯನದಲ್ಲಿ ಹಗಲಿನ ಪರೀಕ್ಷೆ, ನಡುರಾತ್ರಿ ಏಳುವುದು, ಮೈಲ್ಡ್ ಮೂರನ್ನೂ ಸೇರಿಸಿ ಮಾಡಿದವರಿಗೆ ಸುಮಾರು 17% ರಾತ್ರಿಗಳಲ್ಲಿ ಲೂಸಿಡ್ ಕನಸು ಬಿತ್ತು. ಮೈಲ್ಡ್ ಮುಗಿಸಿ ಐದು ನಿಮಿಷದೊಳಗೆ ನಿದ್ದೆ ಹೋದವರಲ್ಲಿ ಮಾತ್ರ ಅದು 46%. ಈ ಎರಡನೇ ಅಂಕಿಯನ್ನು ಮನಸ್ಸಲ್ಲಿಟ್ಟುಕೊಳ್ಳಿ. ಎದ್ದು ಬಹಳ ಹೊತ್ತು ಒದ್ದಾಡಿದರೆ ಉಪಯೋಗ ಕಡಿಮೆ. ಬೇಗ ಮತ್ತೆ ನಿದ್ದೆ ಬರುವವರಿಗೆ ಮೈಲ್ಡ್ ವರ.

ಎರಡನೆಯದು ಎಸ್‌ಎಸ್‌ಐಎಲ್‌ಡಿ. ಹೆಸರು ಉದ್ದ, ಕೆಲಸ ಸುಲಭ. ನಡುರಾತ್ರಿ ಎದ್ದು ಮತ್ತೆ ಮಲಗಿದ ಮೇಲೆ ಗಮನವನ್ನು ಮೂರು ಕಡೆ ಸುತ್ತಿಸುವುದು: ಮುಚ್ಚಿದ ಕಣ್ಣೊಳಗಿನ ಕತ್ತಲು, ಕಿವಿಗೆ ಬೀಳುವ ಶಬ್ದ, ಮೈಗೆ ತಟ್ಟುವ ಸ್ಪರ್ಶ. ಮೊದಲು ನಾಲ್ಕೈದು ಸುತ್ತು ಬೇಗ ಬೇಗ, ಆಮೇಲೆ ಮೂರ್ನಾಲ್ಕು ಸುತ್ತು ನಿಧಾನ, ಪ್ರತಿಯೊಂದಕ್ಕೂ ಅರ್ಧ ನಿಮಿಷ. ಫ್ಯಾನಿನ ಸದ್ದು, ದೂರದ ರೈಲು, ಬೆಡ್‌ಶೀಟಿನ ಭಾರ. ಮುಗಿದ ಮೇಲೆ ಎಲ್ಲ ಮರೆತು ನಿದ್ದೆ. ಕಲ್ಪನೆ ಮಾಡಿಕೊಳ್ಳುವುದು ಕಷ್ಟ ಅನ್ನುವವರಿಗೆ, ಒಂದೇ ವಾಕ್ಯ ಹೇಳಿಕೊಂಡರೆ ಬೇಸರ ಬರುವವರಿಗೆ ಇದು ಮೈಲ್ಡ್‌ಗಿಂತ ಹಿತ. 2020ರಲ್ಲಿ ಪ್ರಕಟವಾದ, 355 ಜನರಿದ್ದ ಇನ್ನೊಂದು ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ, 17%ರ ಆಸುಪಾಸು. ನನ್ನ ರೂಮ್‌ಮೇಟ್ ನಾನು ಮಾಡುವುದು ನೋಡಿ ಶುರುಮಾಡಿದವಳು, ಅವಳಿಗೆ ಮೈಲ್ಡ್ ಹತ್ತಲೇ ಇಲ್ಲ, ಇದರಲ್ಲಿ ಎರಡನೇ ವಾರಕ್ಕೇ ಆಯಿತು.

ಮೂರನೆಯದು ವೈಲ್ಡ್. ಮೈ ನಿದ್ದೆ ಹೋಗಬೇಕು, ಮನಸ್ಸು ಎಚ್ಚರವಿದ್ದೇ ನೇರವಾಗಿ ಕನಸಿನೊಳಗೆ ಕಾಲಿಡಬೇಕು. ವೀಡಿಯೊಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಗಳುವುದು ಇದನ್ನೇ. ಹೊಸಬರಿಗೆ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಒಂದು, ಗಮನ ಸ್ವಲ್ಪ ಬಿಗಿಯಾದರೆ ನಿದ್ದೆಯೇ ಬರುವುದಿಲ್ಲ, ಸಡಿಲವಾದರೆ ಪೂರ್ತಿ ನಿದ್ದೆ ಬಂದುಬಿಡುತ್ತದೆ. ಎರಡು, ಸ್ಲೀಪ್ ಪ್ಯಾರಾಲಿಸಿಸ್. ರೆಮ್ ನಿದ್ದೆಯಲ್ಲಿ ಮೈ ಮರಗಟ್ಟಿಸುವ ವ್ಯವಸ್ಥೆ ಇನ್ನೂ ನಡೆಯುತ್ತಿರುವಾಗಲೇ ನಿಮಗೆ ಎಚ್ಚರವಾದರೆ ಕೈಕಾಲು ಆಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗಾಗುತ್ತದೆ, ಕೋಣೆಯಲ್ಲಿ ನೆರಳು ಕಾಣುತ್ತದೆ. ನಮ್ಮಜ್ಜಿ ಇದಕ್ಕೆ ಗಾಳಿ ಸೋಕಿದೆ ಅಂತ ದಿಂಬಿನ ಕೆಳಗೆ ಕಬ್ಬಿಣದ ಚೂರು ಇಡಿಸುತ್ತಿದ್ದರು. ಅಪಾಯವಿಲ್ಲ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಿಡುತ್ತದೆ. ನಿಧಾನ ಉಸಿರಾಡಿ, ಒಂದು ಬೆರಳು ಅಲ್ಲಾಡಿಸಲು ನೋಡಿ. ಆದರೆ ಗೊತ್ತಿಲ್ಲದೆ ಮೊದಲ ಸಲ ಸಿಕ್ಕಿಬಿದ್ದವರಿಗೆ ಆ ಭಯ ಬಹಳ ದೊಡ್ಡದು, ಆ ಭಯದಿಂದಲೇ ಈ ಅಭ್ಯಾಸ ಬಿಟ್ಟವರಿದ್ದಾರೆ.

ಮಾಸ್ಕು, ಮಾತ್ರೆ

ರೆಮ್ ಗುರುತಿಸಿ ಕಣ್ಣಿಗೆ ಕೆಂಪು ಬೆಳಕು ಮಿನುಗಿಸುವ ಮಾಸ್ಕುಗಳಿವೆ. ಮೊದಲಿಗೆ ಕೊಳ್ಳಬೇಡಿ. ಬೆಳಕು ಬಿದ್ದರೂ ಅದು ಗುರುತು ಅಂತ ಹಿಡಿಯುವ ಅಭ್ಯಾಸ ನಿಮಗಿರಬೇಕು, ಇಲ್ಲದಿದ್ದರೆ ಕನಸಲ್ಲಿ ಅದೊಂದು ಆಟೋ ಬ್ರೇಕ್ ಲೈಟ್ ಆಗಿ ಕಂಡು ಮುಗಿಯಿತು.

ಗ್ಯಾಲಂಟಮೈನ್ ಮಾತ್ರೆಯ ಬಗ್ಗೆ ಜಾಸ್ತಿ ಕೇಳುತ್ತಾರೆ. 2018ರಲ್ಲಿ ಲಬರ್ಜ್ ತಂಡ 121 ಜನರ ಮೇಲೆ ಪರೀಕ್ಷಿಸಿದಾಗ ಫಲ ಹೆಚ್ಚಿದ್ದು ನಿಜ. ಆದರೆ ಅದು ಅಲ್ಝೈಮರ್ ರೋಗಿಗಳಿಗೆ ಡಾಕ್ಟರು ಬರೆದುಕೊಡುವ ಔಷಧ. ವಾಕರಿಕೆ ತರುತ್ತದೆ, ಹೃದಯದ ಬಡಿತ ನಿಧಾನ ಮಾಡಬಹುದು, ಆಸ್ತಮಾ ಇರುವವರಿಗೆ ಒಳ್ಳೆಯದಲ್ಲ. ಕನಸಿಗೋಸ್ಕರ ಮೆಡಿಕಲ್ ಸ್ಟೋರಿಗೆ ಹೋಗಬೇಡಿ.

ಯೋಗನಿದ್ರೆ ಇದೇ ಅಲ್ವಾ?

ಮೈಸೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬೀದಿಗೊಂದು ಯೋಗ ಶಾಲೆ ಇರುವ ಊರು. ಯೋಗನಿದ್ರೆ ಶವಾಸನದಲ್ಲಿ ಮಲಗಿ, ಹೇಳುವವರ ದನಿ ಕೇಳುತ್ತಾ, ಮೈಯ ಒಂದೊಂದು ಭಾಗಕ್ಕೂ ಗಮನ ಒಯ್ಯುವುದು. ನಿದ್ದೆಯ ಅಂಚಿನಲ್ಲಿ ಎಚ್ಚರವಿರುವ ಅಭ್ಯಾಸ. ಎಸ್‌ಎಸ್‌ಐಎಲ್‌ಡಿಗೆ ಇದು ಒಳ್ಳೆಯ ತಾಲೀಮು, ಮಾಡಿದವರಿಗೆ ಆ ಸುತ್ತುಗಳು ಸಲೀಸು. ಆದರೆ ಯೋಗನಿದ್ರೆಯಿಂದ ನೇರವಾಗಿ ಲೂಸಿಡ್ ಕನಸು ಬರುತ್ತದೆ ಅಂತ ಕಾಯಬೇಡಿ, ಅದರ ಗುರಿ ಬೇರೆ.

ಕನಸಿನ ಯೋಗ ಟಿಬೆಟಿನ ಬೌದ್ಧರಲ್ಲಿ ನರೋಪನ ಆರು ಯೋಗಗಳಲ್ಲಿ ಒಂದು. ನಮ್ಮ ಜಿಲ್ಲೆಯಲ್ಲೇ ಬೈಲಕುಪ್ಪೆ ಇರುವುದರಿಂದ ಅಲ್ಲಿಗೆ ಹೋಗಿ ಕಲಿಯಬಹುದಾ ಅಂತ ಯೋಚಿಸುವವರು ಸಿಗುತ್ತಾರೆ. ಅದು ಗುರುವಿನ ಬಳಿ ದೀಕ್ಷೆ ಪಡೆದು ಮಾಡುವ ಧಾರ್ಮಿಕ ಸಾಧನೆ. ಅದನ್ನು ತಂದು ಮೈಲ್ಡ್ ಪಕ್ಕದಲ್ಲಿಟ್ಟು ತೂಗುವುದು ನನಗೆ ಸರಿ ಅನಿಸುವುದಿಲ್ಲ. ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಅಂತ ನಾಲ್ಕು ಹೇಳಿ ಸ್ವಪ್ನವನ್ನು ಒಂದು ಪೂರ್ಣ ಅವಸ್ಥೆಯಾಗಿ ನೋಡುತ್ತದೆ. ಕನಸನ್ನು ಗಂಭೀರವಾಗಿ ತೆಗೆದುಕೊಳ್ಳುವುದು ನಮ್ಮ ನೆಲಕ್ಕೆ ಹೊಸದಲ್ಲ, ಅಷ್ಟು ಸಾಕು.

ಹಾಗಾದರೆ ಯಾರಿಗೆ ಯಾವುದು?

ಬೆಳಗ್ಗೆ ಎಂಟರ ಶಿಫ್ಟು, ರಾತ್ರಿ ಆರೇ ಗಂಟೆ ನಿದ್ದೆ ಇರುವವರು ವಾರದ ದಿನಗಳಲ್ಲಿ ಅಲಾರಂ ಇಡಲೇಬೇಡಿ. ಬರೆಯುವುದು, ಹಗಲಿನ ಪರೀಕ್ಷೆ ಇಷ್ಟೇ ಮಾಡಿ. ಶನಿವಾರ ರಾತ್ರಿ ಮಾತ್ರ ಹತ್ತಕ್ಕೆ ಮಲಗಿ, ಮೂರೂವರೆಗೆ ಎದ್ದು, ಮೈಲ್ಡ್ ಮಾಡಿ ಏಳೂವರೆವರೆಗೆ ಮಲಗಿ. ವಾರಕ್ಕೆ ಒಂದು ಒಳ್ಳೆಯ ರಾತ್ರಿ, ನಿದ್ದೆಗೆಟ್ಟ ಐದು ರಾತ್ರಿಗಿಂತ ಎಷ್ಟೋ ಮೇಲು.

ಹಾಸ್ಟೆಲ್ಲಿನಲ್ಲೋ, ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲೋ ಇದ್ದರೆ ಅಲಾರಂ ಬದಲು ಮಲಗುವಾಗ ಎರಡು ಲೋಟ ನೀರು ಕುಡಿಯಿರಿ. ಮೈಯೇ ಎಬ್ಬಿಸುತ್ತದೆ, ಬೇರೆಯವರಿಗೆ ಗೊತ್ತೂ ಆಗುವುದಿಲ್ಲ. ಫೋನನ್ನು ವೈಬ್ರೇಟ್‌ನಲ್ಲಿಟ್ಟು ದಿಂಬಿನ ಕೆಳಗೆ ಇಡುವುದೂ ಆಗುತ್ತದೆ, ಆದರೆ ಆಫ್ ಮಾಡಲು ಸ್ಕ್ರೀನ್ ನೋಡಬೇಕು.

ಎಳೆ ಮಗುವಿರುವ ತಾಯಂದಿರು, ಡೈರಿಗೆ ಹಾಲು ಹಾಕಲು ನಾಲ್ಕೂವರೆಗೆ ಏಳುವವರು, ನೀರು ಕಟ್ಟುವವರು ಹೇಗೂ ಎದ್ದೇ ಏಳುತ್ತೀರಿ. ನಿಮಗೆ ಹೊಸದಾಗಿ ನಿದ್ದೆ ಮುರಿಯುವ ಕೆಲಸವೇ ಇಲ್ಲ. ಮತ್ತೆ ಮಲಗುವ ಅವಕಾಶ ಅರ್ಧ ಗಂಟೆ ಸಿಕ್ಕರೂ ತಲೆದಿಂಬಿಗೆ ತಲೆ ಕೊಟ್ಟ ಆ ಒಂದೆರಡು ನಿಮಿಷದಲ್ಲಿ ಮೈಲ್ಡ್ ಮಾಡಿ. ಆದರೆ ಸುಸ್ತಾಗಿದ್ದರೆ ನಿದ್ದೆಯೇ ಮೊದಲು.

ಒಮ್ಮೆ ಎದ್ದರೆ ಮತ್ತೆ ನಿದ್ದೆ ಬಾರದವರು ನಡುರಾತ್ರಿಯ ಸಹವಾಸ ಬಿಡಿ. ರಜಾ ದಿನ ಬೆಳಗ್ಗೆ ಆರಕ್ಕೆ ತಾನಾಗಿ ಎಚ್ಚರವಾದಾಗ, ಎದ್ದೇಳದೆ ಅಲ್ಲೇ ಮಲಗಿ ಎಸ್‌ಎಸ್‌ಐಎಲ್‌ಡಿ ಮಾಡಿ ನೋಡಿ.

ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು, ಯಾವುದು ನಿಜ ಯಾವುದು ಅಲ್ಲ ಅನ್ನುವ ಗೊಂದಲ ಎಂದಾದರೂ ಆಗಿದ್ದವರು ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ‘ಇದು ಕನಸಾ’ ಅಂತ ಹಗಲಿಡೀ ಕೇಳಿಕೊಳ್ಳುವುದು ಎಲ್ಲರ ಮನಸ್ಸಿಗೂ ಒಗ್ಗುವುದಿಲ್ಲ. ಹಗಲಲ್ಲಿ ತೂಕಡಿಕೆ ಬರಲು ಶುರುವಾದರೆ ಎರಡು ವಾರ ಎಲ್ಲ ನಿಲ್ಲಿಸಿ, ನೋಟ್‌ಬುಕ್ಕನ್ನೂ ಎತ್ತಿಡಿ.

ಎಷ್ಟು ದಿನ ಕಾಯಬೇಕು? ಒಂದು ವಿಧಾನಕ್ಕೆ ಕನಿಷ್ಠ ಎಂಟು ಒಳ್ಳೆಯ ರಾತ್ರಿ ಕೊಡಿ. ಅಷ್ಟರಲ್ಲಿ ಏನೂ ಆಗದಿದ್ದರೆ ಮೈಲ್ಡ್‌ನಿಂದ ಎಸ್‌ಎಸ್‌ಐಎಲ್‌ಡಿಗೆ, ಅಥವಾ ಅದರಿಂದ ಇದಕ್ಕೆ ಬದಲಾಯಿಸಿ. ಬರೆಯುವುದನ್ನು ಮಾತ್ರ ಬದಲಾಯಿಸಬೇಡಿ. ಚಿಕ್ಕಪ್ಪನಿಗೂ ಒಂದು ನೋಟ್‌ಬುಕ್ಕು ಕೊಟ್ಟು ಬಂದಿದ್ದೆ. ಹೋದ ವಾರ ಫೋನ್ ಮಾಡಿದಾಗ, ಎತ್ತು ಮತ್ತೆ ಬಂದಿತ್ತಂತೆ. ಈ ಸಲ ಅದನ್ನು ಕೊಟ್ಟಿಗೆಯಿಂದ ಬಿಚ್ಚಿ ಕೆರೆ ಏರಿವರೆಗೂ ಹೊಡೆದುಕೊಂಡು ಹೋಗಿದ್ದಾರೆ.